ಬಾಗಿಲು ಹಾಕಿಕೊಂಡ ಪ್ರವಾಸಿ: ಇಬ್ನು ಬತೂತ ಕಂಡ ಖನ್ಸಾ ನಗರ

ಇಬ್ನು ಬತೂತ ನಮಗೆ ಹೊಸಬರೇನಲ್ಲ. ಶಾಲೆಯ ಚರಿತ್ರೆ ಪಾಠದಲ್ಲಿ ಮುಹಮ್ಮದ್ ಬಿನ್ ತುಘಲಕ್ ಬಂದಾಗ ಅವರೂ ಜೊತೆಯಲ್ಲೇ ಬರುತ್ತಾರೆ. ಕರಾವಳಿಯವರಿಗಂತೂ ಹೊನ್ನಾವರ, ಮಂಗಳೂರುಗಳ ಬಗ್ಗೆ ಅವರು ಹೇಳಿದ ನಾಲ್ಕು ಮಾತುಗಳು ಹೆಮ್ಮೆಯ ಸಂಗತಿ. ಸಮಾರಂಭದ ಭಾಷಣಗಳಲ್ಲಿ ಅವು ಆಗಾಗ ಕೇಳಿ ಬರುತ್ತವೆ. ಎಚ್. ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳು ಹೊರಗಿನಿಂದ ಬಂದವರ ಕಥನಗಳನ್ನು ಕನ್ನಡದ ಓದುಗರ ಕೈಗಿಟ್ಟ ದೊಡ್ಡ ಕೆಲಸ. ಆದರೆ ಆ ಹೆಸರಿನಲ್ಲೇ ನಮ್ಮ ಆಸಕ್ತಿಯ ಗಡಿಯೂ ಇದೆ. ಪ್ರವಾಸಿ ಇಂಡಿಯಾವನ್ನು ಕಂಡಷ್ಟು ಹೊತ್ತು ಮಾತ್ರ ಅವರು ನಮಗೆ ಬೇಕು. ಕಲ್ಲಿಕೋಟೆಯ ಆಚೆಗೆ ಹಡಗು ಹತ್ತಿ ಹೋದ ಮೇಲೆ ಅವರು ಏನು ಕಂಡರು, ಹೇಗೆ ಕಂಡರು ಎಂದು ನಾವು ಕೇಳಿದ್ದು ಕಡಿಮೆ.

ಈಗ ಕೇಳಲು ಕಾರಣವಿದೆ. 2020ರಲ್ಲಿ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನ ಸಂಚಾರ 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯಿತು. ವ್ಯಾಪಾರಕ್ಕೆ ಹೋಗುವವರು, ಸುಮ್ಮನೆ ನೋಡಿ ಬರಲು ಹೋಗುವವರು, ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬರೇ ಹೊರಡುವ ಹುಡುಗ ಹುಡುಗಿಯರು ಚೀನಾದ ಮಹಾನಗರಗಳ ಬಗ್ಗೆ ಬರೆಯುತ್ತಿದ್ದಾರೆ. ಬರೆದವರಲ್ಲಿ ಹೆಚ್ಚಿನವರು ಮೂರು ಮಾತು ಹೇಳುತ್ತಾರೆ. ರೈಲು ಗಾಳಿಯಂತೆ ಓಡುತ್ತದೆ. ಮಧ್ಯರಾತ್ರಿಯಲ್ಲೂ ಒಬ್ಬರೇ ನಡೆಯಬಹುದು. ಜೇಬಿನಲ್ಲಿ ನೋಟು ಬೇಡ, ಮೊಬೈಲ್ ಒಂದಿದ್ದರೆ ಸಾಕು. ರೈಲಿನ ಮಾತು ಬಿಟ್ಟರೆ ಉಳಿದೆರಡನ್ನೂ ಸುಮಾರು 700 ವರ್ಷಗಳ ಹಿಂದೆಯೇ ಬತೂತ ಹೇಳಿ ಮುಗಿಸಿದ್ದಾರೆ ಎಂಬುದು ನಮ್ಮನ್ನು ಮತ್ತೆ ಅವರ ಚೀನಾ ಅಧ್ಯಾಯಕ್ಕೆ ಕರೆದೊಯ್ದಿತು. ಅದರಲ್ಲೂ ಖನ್ಸಾ ಎಂದು ಅವರು ಕರೆದ ನಗರದ ಭಾಗಕ್ಕೆ. ಅದು ಇಂದಿನ ಹಾಂಗ್‌ಝೌ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 1 ಕೋಟಿ 19 ಲಕ್ಷ. 2023ರ ಏಷ್ಯನ್ ಕ್ರೀಡಾಕೂಟ ನಡೆದದ್ದೂ ಇಲ್ಲಿಯೇ. ಟಿವಿಯ ಮುಂದೆ ಕುಳಿತು ಭಾರತದ ಪದಕ ಎಣಿಸಿದವರಿಗೆ ಆ ಹೆಸರು ನೆನಪಿರಬಹುದು.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇವೆ. 1304ರಲ್ಲಿ ತಾಂಜೀರ್ ಪಟ್ಟಣದಲ್ಲಿ ಹುಟ್ಟಿದ ಬತೂತ 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಹಜ್ಜ್‌ಗೆಂದು ಒಂಟಿಯಾಗಿ ಮನೆ ಬಿಟ್ಟರು. ದೆಹಲಿಯಲ್ಲಿ ಕಾಝಿಯಾದರು. 1341ರಲ್ಲಿ ತುಘಲಕ್ ಸುಲ್ತಾನ ಅವರನ್ನು ಚೀನಾದ ಮಂಗೋಲ್ ಚಕ್ರವರ್ತಿಯ ಕಡೆಗೆ ರಾಯಭಾರಿಯಾಗಿ ಕಳಿಸಿದ. ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಹಡಗು ಒಡೆದು ಕಾಣಿಕೆಗಳೆಲ್ಲ ಕಡಲ ಪಾಲಾದವು. ಶುಕ್ರವಾರದ ನಮಾಝಿಗೆಂದು ದಡದಲ್ಲಿ ಉಳಿದಿದ್ದ ಬತೂತ ಬದುಕಿದರು. ಆಮೇಲೆ ಮಾಲ್ದೀವ್ಸ್, ಸಿಂಹಳ, ಬಂಗಾಳ, ಸುಮಾತ್ರಾ ಎಂದೆಲ್ಲ ಸುತ್ತಿ 1346ರ ಹೊತ್ತಿಗೆ ಚೀನಾದ ಝೈತೂನ್ ರೇವಿಗೆ, ಅಂದರೆ ಇಂದಿನ ಕ್ವಾನ್‌ಝೌಗೆ ತಲುಪಿದರು. ಊರಿಗೆ ಮರಳಿದ ಮೇಲೆ ಫೆಝ್ ನಗರದಲ್ಲಿ ಇಬ್ನು ಜುಝೈ ಎಂಬ ಲೇಖಕನಿಗೆ ಬಾಯಲ್ಲಿ ಹೇಳಿ ಬರೆಸಿದರು. 1355ರಲ್ಲಿ ಅದು ಮುಗಿಯಿತು. ಅಂದರೆ ನಮ್ಮ ಮುಂದಿರುವುದು ಕಂಡಾಗ ಬರೆದ ದಿನಚರಿಯಲ್ಲ, ಒಂಬತ್ತು ವರ್ಷಗಳ ನಂತರ ನೆನಪಿನಿಂದ ಎತ್ತಿ, ಇನ್ನೊಬ್ಬನ ಕೈಯಲ್ಲಿ ಒಪ್ಪವಾದ ಕಥೆ. ಅವರು ಬೀಜಿಂಗ್‌ವರೆಗೆ ಹೋಗಿಯೇ ಇರಲಿಲ್ಲ ಎನ್ನುವ ವಿದ್ವಾಂಸರಿದ್ದಾರೆ. ಇನ್ನು ಕೆಲವರು ಚೀನಾಕ್ಕೇ ಹೋಗಿರಲಿಲ್ಲ ಎನ್ನುತ್ತಾರೆ. ಚಕ್ರವರ್ತಿ ಯುದ್ಧದಲ್ಲಿ ಸತ್ತ, ಅವನ ಶವಸಂಸ್ಕಾರ ನಡೆಯಿತು ಎಂದು ಅವರು ಹೇಳುವುದು ಚರಿತ್ರೆಗೆ ಹೊಂದುವುದಿಲ್ಲ. ಆಗಿನ ಚಕ್ರವರ್ತಿ 1370ರವರೆಗೆ ಬದುಕಿದ್ದ. ಬೀಜಿಂಗ್‌ನ ಮಟ್ಟಿಗೆ ಈ ಅನುಮಾನ ನಮಗೂ ಇದೆ. ಖನ್ಸಾದ ಮಟ್ಟಿಗೆ ಇಲ್ಲ. ಅಲ್ಲಿನ ಮಾತುಗಳಲ್ಲಿ ಕಣ್ಣಿಗೆ ಬಿದ್ದದ್ದನ್ನು ಹೇಳುವವನ ದನಿಯಿದೆ.

ಖನ್ಸಾ ಆಗ ಸಾಮಾನ್ಯ ಊರಲ್ಲ. ದಕ್ಷಿಣದ ಸೊಂಗ್ ದೊರೆಗಳ ರಾಜಧಾನಿಯಾಗಿದ್ದು 1276ರಲ್ಲಿ ಮಂಗೋಲರ ವಶವಾದ ನಗರ. ಬತೂತರಿಗಿಂತ ಅರ್ಧ ಶತಮಾನ ಮೊದಲು ಬಂದಿದ್ದ ಮಾರ್ಕೋ ಪೋಲೋ ಇಲ್ಲಿ 12,000 ಸೇತುವೆಗಳಿವೆ ಎಂದ. ದಿನಕ್ಕೆ 43 ಹೊರೆ ಕರಿಮೆಣಸು ಖರ್ಚಾಗುತ್ತದೆ ಎಂದು ಸುಂಕದವನೊಬ್ಬ ಹೇಳಿದ್ದನ್ನೂ ಬರೆಸಿದ. ಪೋಲೋಗೆ ಅಂಕಿಗಳ ಹುಚ್ಚು. ಬತೂತರಿಗೆ ಆ ಹುಚ್ಚಿಲ್ಲ. ಭೂಮಿಯ ಮೇಲೆ ತಾನು ಕಂಡ ನಗರಗಳಲ್ಲೆಲ್ಲ ಇದೇ ದೊಡ್ಡದು, ದಾಟಲು ಮೂರು ದಿನ ಬೇಕು ಎನ್ನುತ್ತಾರೆ. ಒಂದರ ಪಕ್ಕ ಒಂದು ಆರು ನಗರಗಳು, ಪ್ರತಿಯೊಂದಕ್ಕೂ ಬೇರೆ ಗೋಡೆ, ಹೊರಗೆ ಎಲ್ಲವನ್ನೂ ಸುತ್ತಿದ ದೊಡ್ಡ ಗೋಡೆ. ಮೊದಲನೆಯದರಲ್ಲಿ ಕಾವಲಿನ ಸೈನಿಕರು. ಎರಡನೆಯದರಲ್ಲಿ ಯಹೂದಿಗಳು, ಕ್ರೈಸ್ತರು, ಸೂರ್ಯನನ್ನು ಪೂಜಿಸುವ ತುರ್ಕರು. ಮೂರನೆಯದರಲ್ಲಿ ಮುಸ್ಲಿಮರು. ನಾಲ್ಕನೆಯದು ಆಡಳಿತದ ಕೇಂದ್ರ. ಐದನೆಯದರಲ್ಲಿ ಸಾಮಾನ್ಯ ಜನ. ಅದೇ ಎಲ್ಲಕ್ಕಿಂತ ದೊಡ್ಡದು. ಆರನೆಯದರಲ್ಲಿ ನಾವಿಕರು, ಬೆಸ್ತರು, ಬಡಗಿಗಳು.

ಈ ಆರರಲ್ಲಿ ಯಾವುದಕ್ಕೆ ಎಷ್ಟು ಮಾತು ಸಿಕ್ಕಿದೆ ಎಂದು ನೋಡಿ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಪುಟಗಟ್ಟಲೆ. ಐದು ಮತ್ತು ಆರಕ್ಕೆ ಕೆಲವೇ ಸಾಲು. ನಗರದ ಬಹುಪಾಲು ಜನ ಎಲ್ಲಿದ್ದರೋ ಅಲ್ಲಿ ಕಥನ ಓಡುತ್ತದೆ, ನಿಲ್ಲುವುದಿಲ್ಲ. ಮುಸ್ಲಿಮರ ನಗರಕ್ಕೆ ಕಾಲಿಟ್ಟಾಗಲಾದರೋ ಅವರ ದನಿಯೇ ಬೇರೆ. ಒಳಗೆ ಬರುವಾಗ ಳುಹರ್‌ನ ಬಾಂಗ್ ಕೇಳಿಸಿತು. ಅಂಗಡಿ ಬೀದಿಗಳು ನಮ್ಮ ದೇಶಗಳಲ್ಲಿರುವಂತೆಯೇ ಜೋಡಣೆಯಾಗಿವೆ. ಈಜಿಪ್ಟಿನಿಂದ ಬಂದು, ಊರು ಮೆಚ್ಚಿ, ಇಲ್ಲೇ ನೆಲೆಸಿದ ಉಸ್ಮಾನ್ ಬಿನ್ ಅಫ್ಫಾನ್ ಎಂಬ ವ್ಯಾಪಾರಿಯ ಮಕ್ಕಳ ಮನೆಯಲ್ಲಿ ವಾಸ್ತವ್ಯ. ಜುಮಾ ಮಸೀದಿ ಕಟ್ಟಿಸಿ ಅದಕ್ಕೆ ವಕ್ಫ್ ಬಿಟ್ಟವನೂ ಆ ಉಸ್ಮಾನನೇ. ಹದಿನೈದು ದಿನ ಇದ್ದರು. ದಿನಕ್ಕೊಂದು ಹೊಸ ಔತಣ. ದಿನವೂ ಕುದುರೆಯ ಮೇಲೆ ಕರೆದುಕೊಂಡು ಹೋಗಿ ನಗರ ತೋರಿಸುತ್ತಿದ್ದರು. ನೆಂಟರ ಊರಿಗೆ ಮದುವೆಗೆ ಹೋದವರಿಗೂ ಇಷ್ಟೇ ಊರು ಕಾಣುತ್ತದೆ.

ಇದನ್ನು ಹೇಳುವಾಗ ನಾವು ಅವರನ್ನು ಹಗುರ ಮಾಡುತ್ತಿಲ್ಲ. ತನಗೆ ಚೀನಾ ಹಿಡಿಸಲಿಲ್ಲ ಎಂದು ಬತೂತರೇ ಒಪ್ಪಿಕೊಂಡಿದ್ದಾರೆ. ಅಲ್ಲಿ ಎಷ್ಟೇ ಒಳ್ಳೆಯದಿದ್ದರೂ ಬಹುದೇವಾರಾಧನೆಯ ನಡುವೆ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಹೊರಗೆ ಹೋದರೆ ಕಣ್ಣಿಗೆ ಬೀಳುವುದು ಸಹಿಸಲಾಗುತ್ತಿರಲಿಲ್ಲ. ಆದ್ದರಿಂದ ಅಗತ್ಯ ಬಿದ್ದಾಗ ಮಾತ್ರ ಹೊರಬಿದ್ದು ಉಳಿದಂತೆ ಮನೆಯೊಳಗೇ ಇರುತ್ತಿದ್ದೆ. ಒಬ್ಬ ಮುಸ್ಲಿಮನನ್ನು ಕಂಡರೆ ಸ್ವಂತ ಬಂಧುವನ್ನು ಕಂಡಂತಾಗುತ್ತಿತ್ತು, ಎಂಬ ಅರ್ಥದ ಮಾತುಗಳು ಚೀನಾದ ಭಾಗದಲ್ಲಿವೆ. ಜಗತ್ತು ಸುತ್ತಿದವನೆಂದು ಹೆಸರಾದ ವ್ಯಕ್ತಿ ಜಗತ್ತಿನ ಅತಿ ದೊಡ್ಡ ನಗರಗಳಿದ್ದ ದೇಶದಲ್ಲಿ ಬಾಗಿಲು ಹಾಕಿಕೊಂಡು ಕುಳಿತೆ ಎನ್ನುತ್ತಾರೆ. ಇಡೀ ಕಥನದಲ್ಲಿ ನಮಗೆ ಅತ್ಯಂತ ಪ್ರಾಮಾಣಿಕವೆನಿಸಿದ್ದು ಈ ಮಾತು. ‘ದೇಶ ಸುತ್ತು, ಕೋಶ ಓದು’ ಎನ್ನುವ ನಮ್ಮ ಹಿರಿಯರು ಸುತ್ತಿಯೂ ನೋಡದೆ ಇರಬಹುದು ಎಂಬುದನ್ನು ಎಣಿಸಿರಲಿಲ್ಲವೋ ಏನೋ.

ಹೊನ್ನಾವರದ ಭಾಗವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಆ ಪುಟ್ಟ ಊರಿನಲ್ಲಿ ಅವರು ಹುಡುಗಿಯರ ಶಾಲೆ 13, ಹುಡುಗರ ಶಾಲೆ 23 ಎಂದು ಎಣಿಸಿದ್ದಾರೆ. ಹೆಂಗಸರು ಹೊಲಿಯದ ಬಟ್ಟೆ ಉಡುತ್ತಾರೆ, ಮೂಗಿಗೆ ಚಿನ್ನದ ಉಂಗುರ ಹಾಕುತ್ತಾರೆ, ಕುರ್‌ಆನ್ ಬಾಯಿಪಾಠ ಹೇಳುತ್ತಾರೆ ಎಂದು ಗಮನಿಸಿದ್ದಾರೆ. ಅಂದರೆ ನೋಡುವ ಕಣ್ಣು ಅವರಿಗೆ ಇಲ್ಲದೆ ಇರಲಿಲ್ಲ. ಹೊನ್ನಾವರದಲ್ಲಿ ಓಣಿ ಓಣಿ ಎಣಿಸಿದವರು ಖನ್ಸಾದಲ್ಲಿ ಒಂದು ಶಾಲೆಯನ್ನೂ ಎಣಿಸಲಿಲ್ಲ. ಶತಮಾನಗಳಿಂದ ಪರೀಕ್ಷೆ ಬರೆದು ಅಧಿಕಾರಿಗಳಾಗುತ್ತಿದ್ದ ಜನರ ನಾಡು ಅದು. ಪುಸ್ತಕ ಅಚ್ಚು ಹಾಕುವ ಕೆಲಸಕ್ಕೆ ಹಾಂಗ್‌ಝೌ ಹೆಸರಾಗಿತ್ತು. ಅರಬೀ ಜಗತ್ತಿನ ಒಬ್ಬ ಆಲಿಮ್ ಅಚ್ಚಿನ ಪುಸ್ತಕದ ನಗರಕ್ಕೆ ಹೋಗಿ ಬಂದರೂ ಅಚ್ಚಿನ ಪುಸ್ತಕದ ಸುದ್ದಿ ಎತ್ತಲಿಲ್ಲ. ಭಾಷೆ ಬಾರದಿದ್ದದ್ದು ಒಂದು ಕಾರಣ. ಖನ್ಸಾದಲ್ಲಿ ಅವರು ಹೆಸರು ಹಿಡಿದು ಪರಿಚಯಿಸುವವರೆಲ್ಲ ಮುಸ್ಲಿಮರು ಇಲ್ಲವೇ ಆಳುವ ಕಡೆಯವರು. ಆ ಊರಿನ ಮೂಲ ನಿವಾಸಿಗಳಲ್ಲಿ ಒಬ್ಬನಿಗೂ ಹೆಸರಿಲ್ಲ.

ಇನ್ನೊಂದು ಕಾರಣವನ್ನು ಬತೂತರು ಹೇಳುವುದಿಲ್ಲ. ಬಹುಶಃ ಅವರಿಗೆ ತಿಳಿದೂ ಇರಲಿಲ್ಲ. ಮಂಗೋಲರು ತಮ್ಮ ಕೆಳಗಿನ ಜನರನ್ನು ಮೆಟ್ಟಿಲುಗಳಾಗಿ ವಿಂಗಡಿಸಿದ್ದರು. ಮೇಲೆ ಮಂಗೋಲರು, ಅವರ ಕೆಳಗೆ ಪಶ್ಚಿಮದಿಂದ ಬಂದ ಪರ್ಷಿಯನ್ನರು, ತುರ್ಕರು, ಅರಬರು, ಅದರ ಕೆಳಗೆ ಉತ್ತರದ ಚೀನೀಯರು, ಎಲ್ಲಕ್ಕಿಂತ ಕೆಳಗೆ ದಕ್ಷಿಣದವರು. ಖನ್ಸಾದವರು ಆ ಕೊನೆಯ ಮೆಟ್ಟಿಲಿನವರು, ಸೋತವರು. ನಮ್ಮ ಪ್ರವಾಸಿ ಎರಡನೆಯ ಮೆಟ್ಟಿಲಿನವರ ಅತಿಥಿ. ಅಮೀರ್ ಕುರ್ತಾಯ್ ತನ್ನ ಅರಮನೆಯಲ್ಲಿ ಮುಸ್ಲಿಮ್ ಬಾಣಸಿಗರಿಂದಲೇ ಅಡುಗೆ ಮಾಡಿಸಿ ತನ್ನ ಕೈಯಾರೆ ಮಾಂಸ ಬಡಿಸಿದ್ದನ್ನು ಬತೂತ ಸಂತೋಷದಿಂದ ನೆನೆಯುತ್ತಾರೆ. ಆ ಗೌರವ ಎಲ್ಲಿಂದ ಬಂತು, ಅದರ ಬೆಲೆಯನ್ನು ಯಾರು ತೆರುತ್ತಿದ್ದರು ಎಂಬುದು ಅವರ ಪ್ರಶ್ನೆಯಲ್ಲ. ಓದುವ ನಮ್ಮ ಪ್ರಶ್ನೆಯಂತೂ ಹೌದು.

ಆದರೂ ಉತ್ತರ ಅವರ ಪುಟದಲ್ಲೇ ಇದೆ. ನಾಲ್ಕನೆಯ ನಗರದ ಕೋಟೆಯೊಳಗೆ ಅವರು ಕುಶಲಕರ್ಮಿಗಳನ್ನು ಕಂಡರು. ಬೆಲೆಬಾಳುವ ಬಟ್ಟೆ, ಆಯುಧ ತಯಾರಿಸುವವರು. ಮುಖ್ಯ ಕೆಲಸಗಾರರೇ 1,600 ಮಂದಿ, ಒಬ್ಬೊಬ್ಬರ ಕೈಕೆಳಗೆ ಮೂರು ನಾಲ್ಕು ಕಲಿಯುವವರು ಎಂದು ಅಮೀರ್ ತಿಳಿಸಿದ. ಎಲ್ಲರೂ ಚಕ್ರವರ್ತಿಯ ಗುಲಾಮರು. ಕಾಲಿಗೆ ಸಂಕೋಲೆ. ಬಝಾರಿಗೆ ಹೋಗಬಹುದು, ಊರ ಬಾಗಿಲು ದಾಟುವಂತಿಲ್ಲ. ದಿನವೂ ನೂರು ನೂರು ಮಂದಿಯಂತೆ ಅಮೀರನ ಮುಂದೆ ಹಾಜರಿ. ಒಬ್ಬ ಕಡಿಮೆಯಾದರೆ ಅವರ ಮೇಲಿನವನು ಹೊಣೆ. ಹತ್ತು ವರ್ಷ ದುಡಿದ ಮೇಲೆ ಸಂಕೋಲೆ ಬಿಚ್ಚುತ್ತಾರೆ. ಐವತ್ತು ದಾಟಿದರೆ ಕೆಲಸದಿಂದ ಬಿಡುಗಡೆ, ಅನ್ನ ಬಟ್ಟೆ ಸರಕಾರದ್ದು. ಇಷ್ಟನ್ನೂ ಬತೂತ ಒಂದು ನಿಟ್ಟುಸಿರೂ ಇಲ್ಲದೆ, ಊರಿನ ಒಂದು ಏರ್ಪಾಡೆಂಬಂತೆ ಹೇಳಿ ಮುಂದೆ ಸಾಗುತ್ತಾರೆ. ಆ ಊರಿನ ಬಿದಿರ ತಟ್ಟೆಗಳ ವರ್ಣನೆಗೆ ಕೊಟ್ಟ ಉತ್ಸಾಹದಲ್ಲಿ ಕಾಲು ಭಾಗವೂ ಇದಕ್ಕಿಲ್ಲ. ತೆಳು ಸೀಳುಗಳನ್ನು ಅಂಟಿಸಿ ಕೆಂಪು ಅರಗಿನ ಬಣ್ಣ ಬಳಿದ ತಟ್ಟೆಗಳಂತೆ ಅವು. ಒಂದರೊಳಗೊಂದು ಹತ್ತು ಇಟ್ಟರೂ ಒಂದೇ ಎಂಬಂತೆ ಕಾಣುತ್ತವೆ, ಎತ್ತರದಿಂದ ಬಿದ್ದರೂ ಒಡೆಯುವುದಿಲ್ಲ, ಬಿಸಿ ಅಡುಗೆ ಹಾಕಿದರೆ ಬಣ್ಣ ಕೆಡುವುದಿಲ್ಲ, ಇಂಡಿಯಾಕ್ಕೂ ಖುರಾಸಾನಿಗೂ ರಫ್ತಾಗುತ್ತವೆ. ವಸ್ತುವಿನ ಮೇಲೆ ಕಣ್ಣು ನಿಂತಿದೆ. ಮಾಡಿದ ಕೈ, ಕಟ್ಟಿದ ಕಾಲು ಕಂಡರೂ ಅಲ್ಲಿ ನಿಂತಿಲ್ಲ. ಚೀನಾದ ಸಂತೆಯಿಂದ ಅಗ್ಗದ ಸಾಮಾನು ತುಂಬಿಕೊಂಡು ಬರುವ ಇಂದಿನವರನ್ನು ನಾವು ಬೇರೆಯಾಗಿ ದೂರುವುದು ಬೇಡ.

ಒಂಟಿ ಪ್ರವಾಸಿ ಎಂಬ ಮಾತನ್ನೂ ಇಲ್ಲೇ ಪರೀಕ್ಷಿಸಬೇಕು. 1325ರಲ್ಲಿ ತಾಂಜೀರ್ ಬಿಟ್ಟಾಗ ಬತೂತ ನಿಜವಾಗಿ ಒಂಟಿ. ಕಥನದ ದನಿ ಆ ಒಂಟಿತನವನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತದೆ. ಆದರೆ ಪುಟಗಳ ಅಂಚಿನಲ್ಲಿ ಜೊತೆಗಾರರು, ಸೇವಕರು, ಕೊಂಡ ಹೆಣ್ಣಾಳುಗಳು ಬಂದು ಹೋಗುತ್ತಾರೆ. ಕಲ್ಲಿಕೋಟೆಯಲ್ಲಿ ಅವರನ್ನು ಬಿಟ್ಟು ತೆರಳಿದ ಹಡಗಿನಲ್ಲಿ ಅವರಿಂದ ಗರ್ಭಿಣಿಯಾಗಿದ್ದ ಒಬ್ಬ ದಾಸಿ ಇದ್ದಳು. ಅವಳು ಸತ್ತ ಸುದ್ದಿ ಆಮೇಲೆ ಬರುತ್ತದೆ, ಒಂದೇ ಸಾಲಿನಲ್ಲಿ. ಖನ್ಸಾಕ್ಕೆ ಬರುವ ದಾರಿಯಲ್ಲಿ ಇನ್ನೊಂದು ನಗರದಲ್ಲಿ ಅವರಿಗೆ ತಮ್ಮ ನಾಡಿನವನೇ ಆದ, ಸಬ್ತಾ ಪಟ್ಟಣದ ಅಲ್-ಬುಶ್ರಿ ಸಿಗುತ್ತಾನೆ. ಹಿಂದೆ ದೆಹಲಿಯಲ್ಲಿ ಪರಿಚಯವಾಗಿದ್ದವನು. ಇಬ್ಬರೂ ಅತ್ತುಬಿಡುತ್ತಾರೆ. ಭೂಮಿಯ ಈ ತುದಿಯಲ್ಲಿ ಊರಿನವನನ್ನು ಕಂಡು ಅಳುವುದು ಎಂಥವರ ಕಣ್ಣನ್ನೂ ತೇವಗೊಳಿಸುವ ಚಿತ್ರ. ಮುಂದೆ ಆಫ್ರಿಕಾದಲ್ಲಿ ಬುಶ್ರಿಯ ಅಣ್ಣತಮ್ಮಂದಿರಲ್ಲೊಬ್ಬನನ್ನು ಕಂಡಾಗ ಈ ಇಬ್ಬರ ನಡುವಿನ ದೂರ ನೆನೆದು ಬತೂತ ಬೆರಗಾಗುವುದೂ ಸೊಗಸಾಗಿದೆ. ಆದರೆ ಅದೇ ಚಿತ್ರದಲ್ಲಿ ಬುಶ್ರಿಗೆ ಐವತ್ತು ಗುಲಾಮರು, ಅಷ್ಟೇ ದಾಸಿಯರು ಇದ್ದಾರೆ. ಅವರಲ್ಲಿ ಇಬ್ಬರು ಗಂಡಾಳು, ಇಬ್ಬರು ಹೆಣ್ಣಾಳುಗಳನ್ನು ಅವನು ಗೆಳೆಯನಿಗೆ ಉಡುಗೊರೆ ಕೊಡುತ್ತಾನೆ. ಊರಿನವನಿಗಾಗಿ ಅತ್ತವರ ಪಕ್ಕದಲ್ಲೇ ಊರು ಕಳೆದುಕೊಂಡ ನಾಲ್ವರು ನಿಂತಿದ್ದರು. ಅದು ಆ ಕಾಲದ ರೂಢಿ ಎಂಬ ಉತ್ತರ ನಮಗೆ ಗೊತ್ತು. ಗುಲಾಮನ ಬಿಡುಗಡೆಯನ್ನು ದೊಡ್ಡ ಪುಣ್ಯವೆಂದು ಕಲಿತು ಕಾಝಿಯಾದವರ ಬಗ್ಗೆ ಆ ಉತ್ತರ ಅರ್ಧ ಮಾತ್ರ ಸಾಲುತ್ತದೆ.

ಖನ್ಸಾದ ಭಾಗದಲ್ಲಿ ಜನ ಹೆಚ್ಚು ನೆನಪಿಡುವುದು ಜಾದೂಗಾರನನ್ನು. ಅಮೀರನ ಅಂಗಳ, ಸೆಕೆಯ ರಾತ್ರಿ. ಮರದ ಚೆಂಡಿಗೆ ಉದ್ದನೆಯ ಬಾರು ಕಟ್ಟಿ ಆಕಾಶಕ್ಕೆ ಎಸೆದ. ಅದು ಕಣ್ಣಿಗೆ ಕಾಣದಷ್ಟು ಮೇಲೆ ಹೋಯಿತು. ಹುಡುಗನೊಬ್ಬ ಬಾರು ಹಿಡಿದು ಹತ್ತಿ ಮಾಯವಾದ. ಕರೆದರೆ ಉತ್ತರವಿಲ್ಲ. ಜಾದೂಗಾರ ಸಿಟ್ಟಿನಿಂದ ಕತ್ತಿ ಹಿಡಿದು ತಾನೂ ಹತ್ತಿದ. ಮೇಲಿನಿಂದ ಹುಡುಗನ ಕೈ ಬಿತ್ತು, ಕಾಲು ಬಿತ್ತು, ಮುಂಡ ಬಿತ್ತು, ತಲೆ ಬಿತ್ತು. ಅವನು ಇಳಿದು ಬಂದು ಎಲ್ಲ ಜೋಡಿಸಿ ಒಂದು ಒದೆ ಕೊಟ್ಟ. ಹುಡುಗ ಎದ್ದು ನಿಂತ. ಬತೂತರಿಗೆ ಎದೆ ಬಡಿತ ಹೆಚ್ಚಾಗಿ ಔಷಧಿ ಕುಡಿಸಬೇಕಾಯಿತು. ಪಕ್ಕದಲ್ಲಿ ಕುಳಿತಿದ್ದ ಆ ಊರಿನ ಕಾಝಿ ಮಾತ್ರ ಅಲ್ಲಾಡಲಿಲ್ಲ. ಹತ್ತಿದ್ದೂ ಇಲ್ಲ, ಇಳಿದದ್ದೂ ಇಲ್ಲ, ಕಡಿದದ್ದೂ ಇಲ್ಲ, ಬರೀ ಕಣ್ಕಟ್ಟು ಎಂದುಬಿಟ್ಟರು. ಈ ಕಾಝಿಯನ್ನು ನಮಗೆ ಬಹಳ ಇಷ್ಟ. ಅದ್ಭುತ ಕಂಡಾಗ ಪ್ರವಾಸಿಯ ಪಕ್ಕ ಇಂಥ ಸ್ಥಳೀಯರೊಬ್ಬರು ಇರಬೇಕು. ಅವರ ಮಾತನ್ನು ಮುಚ್ಚಿಡದೆ ಬರೆಸಿದ್ದು ಬತೂತರ ದೊಡ್ಡತನ.

ಇನ್ನು ಆ ಎರಡು ಹಳೆಯ ಮಾತುಗಳು. ಹಣದ್ದು ಮೊದಲು. ಅಲ್ಲಿ ಬೆಳ್ಳಿ ಬಂಗಾರದ ನಾಣ್ಯ ಹಿಡಿದು ಬಝಾರಿಗೆ ಹೋದರೆ ಯಾರೂ ಮುಟ್ಟುವುದಿಲ್ಲ; ಮೊದಲು ಅದನ್ನು ಅಂಗೈಯಗಲದ, ದೊರೆಯ ಮುದ್ರೆಯಿರುವ ಕಾಗದಕ್ಕೆ ಬದಲಿಸಬೇಕು ಎಂದು ಬತೂತ ಬೆರಗಿನಿಂದ ಹೇಳುತ್ತಾರೆ. ಕೈಯಲ್ಲಿ ಡಾಲರ್ ಹಿಡಿದು ಹಾಂಗ್‌ಝೌನ ಚಹಾ ಅಂಗಡಿಯ ಮುಂದೆ ನಿಂತವನ ಪಾಡೂ ಅದೇ ಆಗಿತ್ತು. ಅಲ್ಲಿನ ದೊಡ್ಡ ಪಾವತಿ ಆ್ಯಪ್‌ಗಳು ವಿದೇಶಿ ಕಾರ್ಡುಗಳಿಗೆ ಬಾಗಿಲನ್ನು ಅಗಲವಾಗಿ ತೆರೆದದ್ದು 2023ರಲ್ಲಿ.

ಭದ್ರತೆಯ ಮಾತು ಹೆಚ್ಚು ಗಂಭೀರ. ಪ್ರವಾಸಿಗೆ ಚೀನಾದಷ್ಟು ಸುರಕ್ಷಿತ ದೇಶ ಇನ್ನೊಂದಿಲ್ಲ, ಎಷ್ಟೇ ಹಣವಿದ್ದರೂ ಒಬ್ಬನೇ ಒಂಬತ್ತು ತಿಂಗಳು ಹೆದರದೆ ಹೋಗಬಹುದು ಎನ್ನುತ್ತಾರೆ ಬತೂತ. ಕಾರಣವನ್ನೂ ಕೊಡುತ್ತಾರೆ. ಪ್ರತಿ ತಂಗುದಾಣದಲ್ಲಿ ಸೂರ್ಯ ಮುಳುಗಿದ ಮೇಲೆ ಅಧಿಕಾರಿಯೊಬ್ಬ ಗುಮಾಸ್ತನೊಡನೆ ಬಂದು ಉಳಿದವರೆಲ್ಲರ ಹೆಸರು ಬರೆದು, ಮುದ್ರೆ ಹಾಕಿ, ಹೊರಗಿನಿಂದ ಬೀಗ ಜಡಿಯುತ್ತಾನೆ. ಬೆಳಿಗ್ಗೆ ಬಂದು ಹೆಸರು ಕೂಗಿ ಲೆಕ್ಕ ತೆಗೆದುಕೊಳ್ಳುತ್ತಾನೆ. ಮುಂದಿನ ತಂಗುದಾಣದವರೆಗೆ ಜೊತೆಗೆ ಜನ ಕಳಿಸಿ, ಎಲ್ಲರೂ ತಲುಪಿದರೆಂದು ಬರಹ ತರಿಸಿಕೊಳ್ಳುತ್ತಾನೆ. ಇನ್ನೂ ಒಂದು ಸಂಗತಿ. ರಾಜಧಾನಿಯಲ್ಲಿ ಬತೂತ ಮತ್ತು ಸಂಗಡಿಗರು ಇರಾಕಿ ಉಡುಪಿನಲ್ಲಿ ಚಿತ್ರಗಾರರ ಬೀದಿ ಹಾದು ಅರಮನೆಗೆ ಹೋದರಂತೆ. ಸಂಜೆ ಮರಳುವಾಗ ನೋಡಿದರೆ ಗೋಡೆಗೆ ಅಂಟಿಸಿದ ಕಾಗದಗಳಲ್ಲಿ ಅವರದೇ ಮುಖಗಳು, ಒಂದು ಗೆರೆಯೂ ತಪ್ಪದೆ. ಪರದೇಶದವನು ಏನಾದರೂ ತಪ್ಪು ಮಾಡಿ ಓಡಿಹೋದರೆ ಆ ಚಿತ್ರವನ್ನು ಎಲ್ಲೆಡೆ ಕಳಿಸಿ ಹಿಡಿಯುತ್ತಾರೆ. ಬೀಜಿಂಗ್ ಪ್ರಯಾಣವೇ ಸಂಶಯಾಸ್ಪದವಾದ ಮೇಲೆ ಇದು ಕೇಳಿದ ಕಥೆಯೇ ಇರಬಹುದು. ಕೇಳಿದ್ದಾದರೂ ಆ ನಾಡಿಗೆ ಹೋಗಿ ಬಂದವರ ಮನಸ್ಸಿನಲ್ಲಿ ಏನು ಉಳಿದಿತ್ತೆಂಬುದಕ್ಕೆ ಸಾಕ್ಷಿ. ನೋಡಲು ಹೋದವರನ್ನು ಊರೇ ನೋಡಿ ಇಟ್ಟುಕೊಂಡಿತು. ಬತೂತರಿಗೆ ಇದರಲ್ಲಿ ಕಾಣುವುದು ಚಿತ್ರಕಾರರ ಕೈಚಳಕ.

ವಿಚಿತ್ರವೆಂದರೆ, ಅವರು ಅದೇ ಚೀನಾದ ಒಂದು ನಿಯಮವನ್ನು ಮಾತ್ರ ಅನ್ಯಾಯವೆಂದು ಸಿಟ್ಟಿನಿಂದ ಕರೆಯುತ್ತಾರೆ. ಹಡಗಿನ ಸರಕಿನ ಪಟ್ಟಿಯಲ್ಲಿ ಯಾವುದಾದರೂ ವಸ್ತುವನ್ನು ಬಚ್ಚಿಟ್ಟರೆ ಇಡೀ ಹಡಗನ್ನೇ ಖಜಾನೆಗೆ ಮುಟ್ಟುಗೋಲು ಹಾಕುತ್ತಾರಲ್ಲ, ಅದು. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ, ಇಂಡಿಯಾದಲ್ಲಿ ಸ್ವಲ್ಪ ಇತ್ತು ಎನ್ನುತ್ತಾರೆ. ಸರಕಿನ ಲೆಕ್ಕ ಕೇಳಿದರೆ ಝುಲ್ಮ್, ಮನುಷ್ಯನ ಲೆಕ್ಕ ಇಟ್ಟರೆ ಭದ್ರತೆ! ವ್ಯಾಪಾರಿಗಳ ಮನೆಯಲ್ಲಿ ಉಂಡವರ ನೋಟ ಇದು.

ಇಂದಿನ ಹಾಂಗ್‌ಝೌಗೆ ಬಂದರೆ ಈ ಪುಟಗಳು ಹಳೆಯ ಕಾಗದದಂತೆ ಅನಿಸುವುದಿಲ್ಲ. ಮುಖ ತೋರಿಸಿ ಹಣ ಕೊಡುವ ಏರ್ಪಾಡು 2017ರಲ್ಲಿ ಮೊದಲು ಬಂದದ್ದು ಈ ನಗರದ ಒಂದು ಹೋಟೆಲಿನಲ್ಲಿ. 2020ರ ಫೆಬ್ರವರಿಯಲ್ಲಿ ಕೊರೊನಾ ಕಾಲದ ಹಸಿರು-ಹಳದಿ-ಕೆಂಪು ಆರೋಗ್ಯ ಸಂಕೇತ ಶುರುವಾದದ್ದೂ ಇಲ್ಲೇ. ಜಗತ್ತಿಗೆಲ್ಲ ಕಾವಲು ಕ್ಯಾಮೆರಾ ಮಾರುವ ಹಿಕ್‌ವಿಷನ್ ಮತ್ತು ದಾಹುವಾ ಕಂಪೆನಿಗಳ ಕೇಂದ್ರ ಕಚೇರಿ ಇಲ್ಲಿದೆ. ನಮ್ಮ ಪೇಟೆಯ ಅಂಗಡಿಗಳ ಮೇಲೂ ಆ ಹೆಸರುಗಳನ್ನು ನೋಡಬಹುದು. ಶಿನ್‌ಜಿಯಾಂಗ್‌ನ ಉಯಿಗರ್ ಮುಸ್ಲಿಮರ ಮೇಲಿನ ಕಣ್ಗಾವಲಿಗೆ ನೆರವಾದವೆಂಬ ಕಾರಣಕ್ಕೆ 2019ರ ಅಕ್ಟೋಬರ್‌ನಲ್ಲಿ ಅಮೆರಿಕ ಈ ಎರಡನ್ನೂ ವ್ಯಾಪಾರ ನಿರ್ಬಂಧದ ಪಟ್ಟಿಗೆ ಸೇರಿಸಿತು. ಅಮೆರಿಕದ ಮಾತನ್ನು ಹಾಗೇ ನಂಬುವ ಅಭ್ಯಾಸ ನಮಗಿಲ್ಲ. ಆದರೆ 2022ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೂ ಶಿನ್‌ಜಿಯಾಂಗ್‌ನಲ್ಲಿ ನಡೆದದ್ದು ಮಾನವೀಯತೆಯ ವಿರುದ್ಧದ ಅಪರಾಧಗಳಾಗಿರಬಹುದು ಎಂದು ವರದಿ ಕೊಟ್ಟಿತು. ಚೀನಾ ಸರಕಾರ ಅದನ್ನು ಅಲ್ಲಗಳೆಯಿತು. ಹಾಂಗ್‌ಝೌಗೆ ಹೋಗುವ ಒಂಟಿ ಪ್ರವಾಸಿಗೆ ಇದಾವುದೂ ಕಾಣುವುದಿಲ್ಲ. ಕಾಣುವುದು ಶುಚಿಯಾದ ಬೀದಿ, ಸರೋವರದ ದಂಡೆಯ ವಿಲೋ ಮರಗಳು, ರಾತ್ರಿ ಹನ್ನೆರಡಕ್ಕೂ ನಿರ್ಭಯವಾಗಿ ಮನೆಗೆ ಹೋಗುವ ಹುಡುಗಿಯರು. ಆ ನಿರ್ಭಯ ಸುಳ್ಳಲ್ಲ. ಸಂಜೆಯ ಮೇಲೆ ಹೆಣ್ಣುಮಕ್ಕಳನ್ನು ಒಬ್ಬರೇ ಕಳಿಸಲು ಅಂಜುವ ಊರುಗಳಿಂದ ಹೋದವರು ಅದನ್ನು ಮೆಚ್ಚಿದರೆ ತಪ್ಪೇನು? ಮೆಚ್ಚುಗೆ ಬರೆದವರು ಗೋಡೆಯ ಮೇಲಿನ ತಮ್ಮ ಮುಖವನ್ನೂ ಒಮ್ಮೆ ನೋಡಿ ಬರೆದಿದ್ದರೆ ಚೆನ್ನಾಗಿತ್ತು ಎಂದಷ್ಟೇ ನಮ್ಮ ತಕರಾರು.

ಐದನೆಯ ನಗರದವರು ಏನು ಯೋಚಿಸುತ್ತಾರೆ ಎಂಬುದೂ ಹಾಗೆಯೇ ತಪ್ಪಿ ಹೋಗುತ್ತದೆ. 2019ರಲ್ಲಿ ಇದೇ ಹಾಂಗ್‌ಝೌನಲ್ಲಿ ಕಾನೂನು ಅಧ್ಯಾಪಕರೊಬ್ಬರು ಒಂದು ಪ್ರಾಣಿ ಉದ್ಯಾನದ ಮೇಲೆ ದಾವೆ ಹೂಡಿದರು. ವರ್ಷದ ಟಿಕೆಟ್ ಕೊಂಡವರು ಒಳಗೆ ಬರಬೇಕಾದರೆ ಮುಖದ ಗುರುತು ಕೊಡಲೇಬೇಕು ಎಂದು ಉದ್ಯಾನ ನಿಯಮ ಬದಲಿಸಿತ್ತು. ನ್ಯಾಯಾಲಯ ಅವರ ಮುಖದ ಮಾಹಿತಿ ಅಳಿಸಿ ಪರಿಹಾರ ಕೊಡಬೇಕೆಂದಿತು. ಚೀನಾದಲ್ಲಿ ಮುಖ ಗುರುತಿನ ವಿರುದ್ಧದ ಮೊದಲ ಮೊಕದ್ದಮೆ ಎಂದು ಅದು ದೇಶವಿಡೀ ಚರ್ಚೆಯಾಯಿತು. ಚೀನೀಯರೆಲ್ಲ ತಲೆಬಾಗಿ ನಡೆಯುವವರು ಎಂದು ಬರೆಯುವ ಪ್ರವಾಸ ಕಥನಗಳು ಇದನ್ನು ಅರಿತಿಲ್ಲ. ಭಾಷೆ ಬಾರದವರ ಹದಿನೈದು ದಿನಗಳಲ್ಲಿ ಇದು ಸಿಗುವಂಥದ್ದೂ ಅಲ್ಲ.

ಬತೂತರ ಖನ್ಸಾದಲ್ಲಿ ನಮಗೆ ಅತ್ಯಂತ ಪ್ರಿಯವಾದ ಪುಟ ನೀರಿನ ಮೇಲಿನದು. ಅಮೀರನ ಮಗ ಅವರನ್ನು ಕಾಲುವೆಯಲ್ಲಿ ದೋಣಿ ವಿಹಾರಕ್ಕೆ ಕರೆದೊಯ್ದ. ಸುತ್ತಲೂ ಬಣ್ಣದ ಹಾಯಿ, ರೇಷ್ಮೆಯ ನೆರಳು; ದೋಣಿಯವರು ಒಬ್ಬರ ಮೇಲೊಬ್ಬರು ಕಿತ್ತಳೆ, ನಿಂಬೆ ಎಸೆದು ಆಟವಾಡುತ್ತಿದ್ದರು. ಗಾಯಕರು ಚೀನೀ, ಅರಬೀ, ಫಾರ್ಸಿ ಮೂರರಲ್ಲೂ ಹಾಡಿದರು. ಅಮೀರನ ಮಗನಿ‌ಗೆ ಫಾರ್ಸಿ ಹಾಡು ಇಷ್ಟವಾಗಿ ಅದನ್ನೇ ಮತ್ತೆ ಮತ್ತೆ ಹಾಡಿಸಿದ. ಕೇಳಿ ಕೇಳಿ ಬತೂತರಿಗೆ ಬಾಯಿಪಾಠವಾಯಿತು. ಅದು ಶೀರಾಝಿನ ಸಾದಿಯ ಗಝಲೆಂದು ವಿದ್ವಾಂಸರು ಆಮೇಲೆ ಗುರುತಿಸಿದರು. ಸಾದಿ ತೀರಿಕೊಂಡು ಆಗಿನ್ನೂ ಸುಮಾರು ಐವತ್ತೈದು ವರ್ಷ. ಅಷ್ಟರಲ್ಲಿ ಅವನ ಸಾಲು ಚೀನಾದ ಕಾಲುವೆಯಲ್ಲಿ ಹುಟ್ಟು ಹಾಕುವವರ ಕಿವಿಗೂ ಬಿದ್ದಿತ್ತು. ಇಲ್ಲಿ ಮಾತ್ರ ಬತೂತರು ಬಾಗಿಲ ಹೊರಗಿದ್ದಾರೆ. ಆರೂ ನಗರಗಳ ಜನ ಒಂದೇ ನೀರಿನ ಮೇಲೆ ಇದ್ದಾರೆಂದು ಓದುವವರಿಗೆ ಅನಿಸುತ್ತದೆ.

ಅದು ಬಹಳ ಕಾಲ ಉಳಿಯಲಿಲ್ಲ. ಬತೂತರು ಫೆಝ್‌ನಲ್ಲಿ ಕಥೆ ಹೇಳಿ ಮುಗಿಸಿದ ಎರಡೇ ವರ್ಷಕ್ಕೆ, 1357ರಲ್ಲಿ, ಝೈತೂನಿನಲ್ಲಿ ಪರ್ಷಿಯನ್ ಸೈನಿಕರು ಬಂಡೆದ್ದರು. ಹತ್ತು ವರ್ಷಗಳ ಕಾಳಗದ ಕೊನೆಗೆ, 1366ರಲ್ಲಿ, ಅಲ್ಲಿನ ವಿದೇಶಿಯರ ಕಗ್ಗೊಲೆಯಾಯಿತು. ಅವರನ್ನು ಆದರಿಸಿದ್ದ ಕೇರಿಗಳು ಬರಿದಾದವು. 1368ರಲ್ಲಿ ಮಂಗೋಲರ ಆಳ್ವಿಕೆಯೇ ಹೋಯಿತು. ಔತಣದ ಮನೆಗಳಲ್ಲಿ ಕುಳಿತವರಿಗೆ ಹೊರಗಿನ ಕುದಿ ಕೇಳಿಸಿರಲಿಲ್ಲ. ಹಾಂಗ್‌ಝೌನ ಹಳೆಯ ಬೀದಿಯಲ್ಲಿ ಫೀನಿಕ್ಸ್ ಮಸೀದಿ ಇಂದಿಗೂ ಇದೆ. ಆ ಕಾಲದ ಅರಬೀ, ಫಾರ್ಸಿ ಬರಹದ ಗೋರಿಕಲ್ಲುಗಳನ್ನು ಅಲ್ಲಿ ಇಟ್ಟಿದ್ದಾರೆ. ಉಸ್ಮಾನನ ಮನೆಯಲ್ಲಿ ಉಂಡವರ ಸಮಕಾಲೀನರ ಹೆಸರುಗಳು ಆ ಕಲ್ಲುಗಳ ಮೇಲಿವೆ.

ರಿಹ್ಲಾದ ಚೀನಾ ಭಾಗ ಅರಬಿಯಿಂದ ನೇರವಾಗಿ, ಒಳ್ಳೆಯ ಟಿಪ್ಪಣಿಗಳೊಂದಿಗೆ ಕನ್ನಡಕ್ಕೆ ಬರಬೇಕೆಂಬುದು ನಮ್ಮ ಬೇಡಿಕೆ. ಅರಬೀ ಬಲ್ಲ ಕನ್ನಡಿಗರು ಕರಾವಳಿಯಲ್ಲಿ ಸಾಕಷ್ಟಿದ್ದಾರೆ. ಅನುವಾದಿಸುವವರು ಹೊನ್ನಾವರದ ಶಾಲೆಗಳಿಗೆ ಕೊಟ್ಟಷ್ಟೇ ಗಮನವನ್ನು ಖನ್ಸಾದ ಸಂಕೋಲೆಗಳಿಗೂ ಕೊಡಲಿ.

ಬತೂತರಂತೂ ಗಲಭೆಯ ಸುದ್ದಿ ಕೇಳಿ ಝೈತೂನಿಗೆ ಹಿಂದಿರುಗಿದರು. ರೇವಿನಲ್ಲಿ ಇಂಡಿಯಾದ ಕಡೆಗೆ ಹೊರಟ ಹಡಗುಗಳು ನಿಂತಿದ್ದವು. ಅವುಗಳಲ್ಲಿ ಒಂದು ಸುಮಾತ್ರಾದ ಸುಲ್ತಾನನದು, ಹಡಗಿನವರೆಲ್ಲ ಮುಸ್ಲಿಮರು. ಅದರ ಮೇಲ್ವಿಚಾರಕ ಅವರನ್ನು ಗುರುತಿಸಿ ಸಂತೋಷದಿಂದ ಬರಮಾಡಿಕೊಂಡ.